ಗೋಡೆಗೆ ಕುಡಿಸಿದ ನೀರು

ಹೊನ್ನಾಳಿಯ ಲಾಲ್‌ಸಾಬರು ಬಣ್ಣ ಹೊಡೆಯಲು ನಿಂತರೆ ಮೊದಲು ಗೋಡೆಗೆ ನೀರು ಕುಡಿಸುತ್ತಾರೆ. ಸುಣ್ಣ ಬಳಿಯುತ್ತಿದ್ದ ಅಪ್ಪನಿಂದ ಬಂದ ರೂಢಿ. ಬಾಯಾರಿದ ಗೋಡೆ ಬಣ್ಣವನ್ನೆಲ್ಲ ಹೀರಿಬಿಡುತ್ತದೆ ಎಂಬುದು ಅವರ ವಾದ; ಯಾರಾದರೂ ಎದುರಾಡಿದರೋ, ಅರ್ಧ ತಾಸು ಪಾಠ ಕೇಳಲೇಬೇಕು. ಮೂವತ್ತು ವರ್ಷ ಆ ರೂಢಿ ಅವರಿಗೆ ಕೈಕೊಟ್ಟಿರಲಿಲ್ಲ.

ಈ ವಾರ ಒಪ್ಪಿಕೊಂಡಿದ್ದ ಕಸ್ತೂರಮ್ಮನವರ ನಡುಮನೆಯ ಗೋಡೆ ಮಾತ್ರ ಬೇರೆ ಥರದ್ದು. ಅದಕ್ಕೆ ಹೂಬಳ್ಳಿಯ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಿತ್ತು. ಮಗಳು ರಮ್ಯಶ್ರೀಯನ್ನು ನೋಡಲು ಗುರುವಾರ ನ್ಯಾಮತಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಾಳೆ ಕಿತ್ತರೆ ಗಾರೆಯೂ ಉದುರೀತೆಂದು ಅದರ ಮೇಲೆಯೇ ಬಣ್ಣ ಹೊಡೆಯುವುದೆಂದಾಯಿತು. ಬಣ್ಣದಂಗಡಿಯವನು ಎಲ್ಲ ಹೇಳಿಕೊಟ್ಟಿದ್ದ: ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಹಾಳೆಯ ಜಾಯಿಂಟಿಗೆ ನೀರು ಮಾತ್ರ ಇಳಿಯಬಾರದು, ಅಂಟು ಬಿಡುತ್ತದೆ.

ಸೋಮವಾರ ಉಜ್ಜಿ ಮುಗಿದ ಮೇಲೆ ಲಾಲ್‌ಸಾಬರ ಕೈ ತಾನಾಗಿಯೇ ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ ಗೋಡೆಗೆ ನೀರು ಎರಚಿತು. ಮೂರು ಸಲ ಎರಚಿದ ಮೇಲೆ ಅವರಿಗೆ ಎಚ್ಚರವಾಯಿತು. ನೀರು ಜಾಯಿಂಟುಗಳೊಳಗೆ ಇಳಿದು ಕಾಣೆಯಾಗುತ್ತಿತ್ತು. ಯಾರೂ ನೋಡಿರಲಿಲ್ಲ. ಅವಸರದಲ್ಲಿ ಒರೆಸಿ ಪ್ರೈಮರ್ ಹೊಡೆದುಬಿಟ್ಟರು.

ಅಂದು ರಾತ್ರಿ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಹೆಂಡತಿ ದಿಲ್‌ಶಾದ್ ಬೇಗಂ ಕೇಳಿದರೆ ಎದೆಯುರಿ ಎಂದರು. ಅವರ ಕಣ್ಣೆದುರು ಬರುತ್ತಿದ್ದವನು ಪೇಂಟರ್ ದುರುಗಣ್ಣ. ಒಂದೇ ಒಂದು ಮನೆಯಲ್ಲಿ ಅವನ ಬಣ್ಣ ಸುಲಿದು ಬಂದಿತ್ತು. ವಯಸ್ಸಾಯಿತು, ಕೈ ಹೋಯಿತು ಎಂದು ಊರಲ್ಲಿ ಮಾತೆದ್ದಿತು, ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ತನಗೂ ಅದೇ ಗತಿಯೇ ಎಂದು ಲಾಲ್‌ಸಾಬರು ಅಂಜಿದರು.

ಮಂಗಳವಾರ ಬಣ್ಣ ಹೊಡೆದಾಗ ಗೋಡೆ ನುಣ್ಣಗೆ ಕೂತಿತ್ತು. ಬುಧವಾರ ಬೆಳಿಗ್ಗೆ ಬಂದು ನೋಡಿದರೆ, ಕಿಟಕಿಯ ಪಕ್ಕ ಹಾಳೆ ಹಪ್ಪಳದ ಹಾಗೆ ಉಬ್ಬಿದೆ. ಹೆಬ್ಬೆರಳಿನಿಂದ ಒತ್ತಿದರು. ಅಲ್ಲಿ ಕೂತು ಪಕ್ಕದಲ್ಲಿ ಎದ್ದಿತು. ಅಷ್ಟರಲ್ಲಿ ಕಸ್ತೂರಮ್ಮ ಚಹಾ ಹಿಡಿದು ಬಂದರು.

"ಅಮ್ಮಾರೆ, ತಪ್ಪು ನಂದೇ. ಪ್ಲಾಸ್ಟಿಕ್ಕಿಗೆ ನೀರು ಹೊಡ್ದುಬಿಟ್ಟೆ. ನಾಳೆ ಹೊತ್ತಿಗೆ ಪೂರಾ ಏಳ್ತೈತೆ."

ಬೈಗುಳ ಕಾಯುತ್ತ ಲಾಲ್‌ಸಾಬರು ತಲೆ ಬಗ್ಗಿಸಿ ನಿಂತರು. ಕಸ್ತೂರಮ್ಮ ಗೋಡೆ ನೋಡಿದರು, ಬಗ್ಗಿದ ಅವರ ತಲೆ ನೋಡಿದರು, ಲೋಟವನ್ನು ತಾವೇ ಅವರ ಕೈಯಲ್ಲಿಟ್ಟರು.

"ಇರ್ಲಿ ಬಿಡ್ರಿ ಸಾಬಣ್ಣ, ಬೀರು ಅಡ್ಡ ಇಟ್ರಾತು. ನಿಮಗೂ ವಯಸ್ಸಾತು. ಇನ್ನೆಷ್ಟು ದಿನ ಅಂತ ಮಾಡಾಕೆ ಆಕ್ಕೈತೆ?"

ಬೈದಿದ್ದರೆ ಲಾಲ್‌ಸಾಬರು ತಡೆದುಕೊಳ್ಳುತ್ತಿದ್ದರು. ಎರಡು ದಿನದಿಂದ ಅಂಜಿದ್ದ ಮಾತು ಬಂದೇ ಬಂತು, ಅದೂ ಕನಿಕರದಿಂದ.