ಸಿ ತುಂಬಿದೆ, ಡಿ ಖಾಲಿಯಿದೆ

"ಒತ್ತಲ್ಲ ಅಂದ್ರೆ ಒತ್ತಲ್ಲ. ಎಷ್ಟು ಸಲ ಹೇಳ್ಲಿ?"

"ನಾನೇ ಒತ್ತೋದಾದ್ರೆ ನಿಮ್ಮ ಹತ್ರ ಯಾಕಮ್ಮ ಬರ್ತಿದ್ದೆ? ಮನೇಲೇ ಕೂತು ಒತ್ತಿರ್ತಿದ್ದೆ!"

"ಒತ್ತಿರ್ತಿದ್ರಿ. ಆಮೇಲೆ ಅಳ್ತಾ ಬರ್ತಿದ್ರಿ. ಹಾಗೆ ಬಂದೋರನ್ನ ಬೇಕಾದಷ್ಟು ನೋಡಿದೀನಿ."

"ಹತ್ತು ಗಂಟೆಗೆ ಮಗು ಬರುತ್ತೆ ರೀ! ಹತ್ತು ಗಂಟೆಗೆ! ನಿಮಗೆ ಕಿವಿ ಕೇಳ್ಸುತ್ತೋ ಇಲ್ವೋ?"

ಬೆಳಿಗ್ಗೆ ಆರೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೊಂದು ಗೂಡಂಗಡಿ. ಅರ್ಧ ಎತ್ತಿದ ಷಟರಿನ ಒಳಗೆ ಜಗಳಕ್ಕೆ ಮಾತ್ರ ಆಗಲೇ ಚೆನ್ನಾಗಿ ಬೆಳಗಾಗಿದೆ. ಕೂಗಾಡುತ್ತಿರುವವರು ಬೂಟಿನ ಮೇಸ್ತ್ರಿ. ಹುಟ್ಟಿನಿಂದಲೇ ಪಾದ ತಿರುಚಿಕೊಂಡ ಮಕ್ಕಳಿಗೆ ಅಳತೆ ತೆಗೆದು ಬೂಟು ಮಾಡಿಕೊಡುವವರು. ಅವರೆದುರು ಎರಡೂ ಕೈ ಕಂಕುಳಲ್ಲಿ ಕಟ್ಟಿಕೊಂಡು, ಜಪ್ಪಯ್ಯ ಅಂದರೂ ಅಲುಗದೆ ಕೂತಿರುವವರು ಲ್ಯಾಪ್‌ಟಾಪ್ ರಿಪೇರಿಯ ಹೆಂಗಸು. ವಯಸ್ಸು ಐವತ್ತೆರಡು. ತುಂಬಿ ಉಸಿರುಗಟ್ಟಿದ ಲ್ಯಾಪ್‌ಟಾಪುಗಳಲ್ಲಿ ಜಾಗ ಮಾಡಿಕೊಡುವುದೇ ಅವರ ಮುಖ್ಯ ಕಸುಬು. ಹಾಗಾಗಿ ಬೀದಿಗೆಲ್ಲ ಅವರು ಜಾಗದಕ್ಕ.

ಮೇಸ್ತ್ರಿಯ ಗೋಳು ಇದು. ಮಗುವಿನ ಪಾದವನ್ನು ಗಾಜಿನ ಪೆಟ್ಟಿಗೆಯ ಮೇಲೆ ಇಡಿಸಿದರೆ ಅದರ ಉಬ್ಬು, ತಗ್ಗು, ಸೊಟ್ಟ ಎಲ್ಲ ಚಿತ್ರವಾಗಿ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಆ ಚಿತ್ರ ನೋಡಿಯೇ ಬೂಟಿನ ಅಚ್ಚು ಕಡೆಯಬೇಕು. ಎಂಟು ವರ್ಷದ ಒಬ್ಬ ಹುಡುಗಿ ನಾಲ್ಕು ತಿಂಗಳು ಸರದಿ ಕಾದು ಇವತ್ತು ಹತ್ತು ಗಂಟೆಗೆ ಬರುವವಳಿದ್ದಾಳೆ. ಹಳೆಯ ಬೂಟು ಬಿಗಿಯಾಗಿ ಬೆರಳು ಕಚ್ಚುತ್ತಿದೆ. ಯಂತ್ರ ನೋಡಿದರೆ ನಿನ್ನೆ ಸಂಜೆಯಿಂದ ಒಂದೇ ರಾಗ: ಜಾಗ ಇಲ್ಲ, ಜಾಗ ಇಲ್ಲ.

"ಐನೂರು ಜಿಬಿ ಅಂತ ಹೇಳಿ ಕೊಟ್ರು ಕಣಮ್ಮ. ನೂರಕ್ಕೇ ಬಾಯಿ ಮುಚ್ಕೊಂಡಿದೆ. ಉಳಿದ ನಾನೂರನ್ನ ಅವರಪ್ಪ ಹೊತ್ಕೊಂಡು ಹೋದ್ನಾ?"

"ಎಲ್ಲೂ ಹೋಗಿಲ್ಲ. ಪಕ್ಕದ ಕೋಣೇಲಿ ಕಾಲು ಚಾಚ್ಕೊಂಡು ಮಲಗಿದೆ. ನೋಡಿ ಇಲ್ಲಿ."

ಪರದೆಯ ಮೇಲೆ ಎರಡು ಪಟ್ಟಿಗಳಿವೆ. ಸಿ ಎಂದು ಬರೆದದ್ದು ಈ ತುದಿಯಿಂದ ಆ ತುದಿಯವರೆಗೆ ಕೆಂಪಗೆ ಉರಿಯುತ್ತಿದೆ. ಡಿ ಎಂದು ಬರೆದದ್ದರಲ್ಲಿ ಉಗುರಿನಷ್ಟು ನೀಲಿ, ಮಿಕ್ಕಿದ್ದೆಲ್ಲ ಬಿಳಿ ಬಯಲು. ಸಿಟ್ಟು ಬರುವುದು ಇದಕ್ಕೇ. ಇರುವುದು ಒಂದೇ ಡಿಸ್ಕು. ಮಾರುವಾಗ ಯಾರೋ ಪುಣ್ಯಾತ್ಮರು ನಡುವೆ ಗೋಡೆ ಎಬ್ಬಿಸಿ, ಮುಂದಿನ ಕಿಷ್ಕಿಂಧೆಗೆ ಸಿ ಎಂದೂ ಹಿಂದಿನ ಹಜಾರಕ್ಕೆ ಡಿ ಎಂದೂ ಹೆಸರಿಟ್ಟು ಕೈ ತೊಳೆದುಕೊಂಡಿರುತ್ತಾರೆ. ಕೊಂಡವನಿಗೆ ಒಂದು ಮಾತು ಹೇಳುವುದಿಲ್ಲ. ಅವನು ಬಂದದ್ದನ್ನೆಲ್ಲ ಬಾಗಿಲ ಹತ್ತಿರವೇ ಒಟ್ಟುತ್ತಾ ಹೋಗುತ್ತಾನೆ. ಕೊನೆಗೆ ತಾನೇ ಒಳಗೆ ಹೋಗಲಾಗದೆ ನಿಲ್ಲುತ್ತಾನೆ. ಮಾರಿದವರು ಆಗ ಹೇಳುವುದು ಒಂದೇ: ಹೊಸದು ತಗೊಳ್ಳಿ.

ಮಾಡಬಹುದಾದ ಸುಲಭದ ಕೆಲಸವನ್ನು ಜಾಗದಕ್ಕ ಆಗಲೇ ಮಾಡಿಸಿದ್ದಾರೆ. ಕಸದ ಬುಟ್ಟಿ ಖಾಲಿಯಾಗಿದೆ. ಒಂದೇ ಕರೆಂಟ್ ಬಿಲ್ಲನ್ನು ಏಳು ಸಲ ಇಳಿಸಿಕೊಂಡದ್ದರಲ್ಲಿ ಆರು ಹೋಗಿವೆ. ಒಟ್ಟು ಸಿಕ್ಕಿದ್ದು ನಾಲ್ಕು ಜಿಬಿ. ಮೇಸ್ತ್ರಿಯ ಬೂಟಿನ ಪ್ರೋಗ್ರಾಮಿಗೆ ಒಂದು ಪಾದ ಕಡೆಯಲು ಇಪ್ಪತ್ತು ಬೇಕು. ಚಿತ್ರಗಳನ್ನು ಡಿ ಕೋಣೆಗೆ ಸಾಗಿಸೋಣ ಎಂದರೆ ಆ ಪ್ರೋಗ್ರಾಂ ಹಳೆಯದು, ಮಹಾ ಹಟಮಾರಿ. ಸಿ ಬಿಟ್ಟು ಬೇರೆಲ್ಲೂ ಇಣುಕುವುದಿಲ್ಲ. ಉಳಿದಿರುವ ದಾರಿ ಗೋಡೆಯನ್ನೇ ಹಿಂದೆ ತಳ್ಳುವುದು. ಅದಕ್ಕೆ ಡಿ ಕೋಣೆಯನ್ನು ಪೂರ್ತಿ ನೆಲಸಮ ಮಾಡಬೇಕು. ಆಗ ಸಿಗುವ ಖಾಲಿ ನೆಲದಲ್ಲಿ ಸಿ ಹಿಗ್ಗುತ್ತದೆ. ನೆಲಸಮ ಮಾಡುವ ಆ ಗುಂಡಿಯನ್ನು ಒತ್ತು ಎಂದೇ ಮೇಸ್ತ್ರಿ ಗಂಟಲು ಹರಿದುಕೊಳ್ಳುತ್ತಿರುವುದು.

"ಡಿ ಒಳಗೆ ಏನೂ ಇಲ್ಲಮ್ಮ. ನನ್ನ ಲ್ಯಾಪ್‌ಟಾಪು, ನನಗೆ ಗೊತ್ತಿಲ್ವಾ?"

"ಮೂರು ಜಿಬಿ ಇದೆ ಅಂತ ತೋರಿಸ್ತಿದೆ."

"ಕಂಪನಿಯವರು ಹಾಕಿರೋ ಕಸ ಅದು."

"ನೋಡಿ ಹೇಳ್ತಿದೀರೋ, ನೋಡದೆ ಹೇಳ್ತಿದೀರೋ?"

ಮೇಸ್ತ್ರಿ ಸಿಟ್ಟಿನಿಂದ ಎದ್ದು ನಿಲ್ಲಲು ಹೋಗಿ ಇಳಿಜಾರು ಛಾವಣಿಗೆ ತಲೆ ಬಡಿಸಿಕೊಂಡು ಮತ್ತೆ ಕೂರುತ್ತಾರೆ. ಈ ಅಂಗಡಿಯಲ್ಲಿ ಯಾರೂ ಬಹಳ ಹೊತ್ತು ನಿಂತು ಜಗಳವಾಡಲು ಆಗುವುದಿಲ್ಲ.

ಜಾಗದಕ್ಕನ ಕಟ್ಟಳೆ ಅದು. ಅಳಿಸುವ ಗುಂಡಿಯನ್ನು ಅವರು ಒತ್ತುವುದಿಲ್ಲ. ಅಂಗಡಿ ತೆರೆದ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಒತ್ತಿಲ್ಲ. ಲ್ಯಾಪ್‌ಟಾಪಿನ ಒಡೆಯರು ಪಕ್ಕದ ಸ್ಟೂಲಿನ ಮೇಲೆ ಕೂರಬೇಕು, ಒಂದೊಂದನ್ನೂ ತೆರೆದು ನೋಡಬೇಕು, ಇದು ಬೇಡ ಎಂದು ಬಾಯಿಬಿಟ್ಟು ಹೇಳಬೇಕು, ತಮ್ಮ ಬೆರಳಿನಿಂದಲೇ ಒತ್ತಬೇಕು. ಇಟ್ಟು ಹೋಗುತ್ತೇನೆ, ಸಂಜೆ ಬರುತ್ತೇನೆ ಅನ್ನುವವರ ಯಂತ್ರವನ್ನು ಅವರು ಮುಟ್ಟುವುದೂ ಇಲ್ಲ. ಜನ ಕೆಲಸಕ್ಕೆ ಹೋಗುವ ಮುಂಚೆ ಕೂತು ಹೋಗಲಿ ಎಂದೇ ಬೆಳಿಗ್ಗೆ ಆರಕ್ಕೆ ಷಟರು ಏಳುತ್ತದೆ. ದೊಡ್ಡ ಅಂಗಡಿಗಳಲ್ಲಿ ದಿನಕ್ಕೆ ಮೂವತ್ತು ಯಂತ್ರ ಒರೆಸಿ ಕಳಿಸುತ್ತಾರಂತೆ. ಇಲ್ಲಿ ನಾಲ್ಕಾದರೆ ಹೆಚ್ಚು.

"ಬುಟ್ಟಿಗೆ ಹಾಕಿದ್ರೆ ಹೋಯ್ತು ಅಂದ್ಕೊಂಡಿರ್ತಾರೆ. ಬುಟ್ಟೀನೂ ಮನೆ ಒಳಗೇ ಇರೋದಲ್ವಾ? ಹತ್ತರಲ್ಲಿ ಒಂಬತ್ತು ಜನ ಬುಟ್ಟಿ ಖಾಲಿ ಮಾಡಿರಲ್ಲ," ಎನ್ನುತ್ತಾರೆ ಜಾಗದಕ್ಕ. "ಇನ್ನು ಕೆಲವರು ಸಿ ಇಂದ ಡಿಗೆ ನಕಲು ಮಾಡಿ, ಸಿ ಒಳಗಿನದನ್ನ ಹಾಗೇ ಬಿಟ್ಟಿರ್ತಾರೆ. ಎರಡೂ ಕಡೆ ತುಂಬಿಸಿಕೊಂಡು ಬಂದು, ಯಾಕೆ ಜಾಗ ಆಗ್ಲಿಲ್ಲ ಅಂತ ನನ್ನನ್ನೇ ಕೇಳ್ತಾರೆ."

"ಕಂಡೋರ ಮನೆ ಗುಡಿಸೋದು ಅಂದ್ರೆ ನನ್ನ ಸೊಸೆಗೆ ಪ್ರಾಣ," ಎಂದು ಬಾಗಿಲ ಬಳಿಯ ಕುರ್ಚಿಯಿಂದ ಒಂದು ದನಿ ಬರುತ್ತದೆ. "ನಮ್ಮನೆ ಅಟ್ಟ ನೋಡ್ಬೇಕು ನೀವು!"

ಅದು ಅತ್ತೆ. ಎಪ್ಪತ್ತೆಂಟು ವರ್ಷ. ಹಳೆಯ ಬನಿಯನ್ನುಗಳನ್ನು ಕತ್ತರಿಸಿ ಪರದೆ ಒರೆಸುವ ಚೌಕಗಳನ್ನು ಮಾಡುವುದು, ಸರದಿ ಮುರಿದವರನ್ನು ಬೈಯುವುದು, ಮೇಲೆ ಮೆಟ್ಟಿಲಲ್ಲಿ ಯಾರಾದರೂ ಧಡಧಡ ಇಳಿದರೆ "ಬಟ್ಟೆ ಮುಚ್ಚೇ!" ಎಂದು ಕೂಗುವುದು ಅವರ ಕೆಲಸ. ಇಳಿದವರ ಹೆಜ್ಜೆಗೆ ಛಾವಣಿಯ ಗಾರೆ ಪುಡಿಯಾಗಿ ಬೀಳುತ್ತದೆ. ಬಿಚ್ಚಿಟ್ಟ ಲ್ಯಾಪ್‌ಟಾಪಿಗೆ ಆ ಪುಡಿ ವಿಷ.

ಇಷ್ಟು ಹಟ ಎಲ್ಲಿಂದ ಬಂತು? ಜಾಗದಕ್ಕ ಮೊದಲು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಟೈಪಿಸ್ಟ್. ಹನ್ನೊಂದು ಸಾವಿರ ಹಳೆಯ ಕಡತಗಳಲ್ಲಿ ಯಾವುದು ಯಾವ ಕಪಾಟಿನಲ್ಲಿದೆ ಎಂಬ ಪಟ್ಟಿಯನ್ನು ನಾಲ್ಕು ವರ್ಷ ಕೂತು ಟೈಪು ಮಾಡಿದ್ದರು. ಒಂದು ದಿನ ಯಂತ್ರ ತುಂಬಿತು. ರಿಪೇರಿಯವನು ಬಂದು, ಡಿ ಒಳಗೆ ಏನಾದರೂ ಇದೆಯಾ ಎಂದು ಕೇಳಿದ.

"ನಾನೇ ಹೇಳಿದ್ದು, ಏನಿಲ್ಲ ಅಂತ," ಎಂದು ಅವರು ನಗುತ್ತಾರೆ. "ಡಿ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ. ಏನಿಲ್ಲ ಅಂದ್ಬಿಟ್ಟೆ. ಅವನು ಒತ್ತಿದ. ಪಾಪ, ಅವನ ತಪ್ಪಲ್ಲ. ಅವತ್ತಿಂದ 'ಏನಿಲ್ಲ' ಅನ್ನೋ ಮಾತನ್ನ ಯಾರು ಹೇಳಿದ್ರೂ ನಂಬಲ್ಲ, ನಾನು ಹೇಳಿದ್ರೂ ನಂಬಲ್ಲ."

ಪಟ್ಟಿಯನ್ನು ಮೊದಲ ಸಾಲಿನಿಂದ ಮತ್ತೆ ಟೈಪು ಮಾಡಲು ಎರಡೂವರೆ ವರ್ಷ ಹಿಡಿಯಿತು. ಮೇಲಿನವರ ಬೈಗುಳ ಕೇಳುತ್ತಲೇ, ಊಟದ ಬಿಡುವಿನಲ್ಲಿ ಆ ಯಂತ್ರದ ಒಳಗನ್ನು ಒಂದೊಂದೇ ಮೊಳೆ ಬಿಚ್ಚಿ ಕಲಿತರು. ಪಟ್ಟಿ ಮುಗಿದ ವರ್ಷವೇ ಟೈಪಿಸ್ಟ್ ಹುದ್ದೆ ಬೇಡ ಎಂದರು. ಮನೆಗೆ ಬಂದು ಮೂರು ದಿನ ಮಂಕಾಗಿ ಕೂತ ಸೊಸೆಯನ್ನು ನಾಲ್ಕನೆಯ ದಿನ ಅತ್ತೆಯೇ ಎಬ್ಬಿಸಿದರಂತೆ. "ಬಿಚ್ಚೋಕೆ ಕಲಿತಿದೀಯಲ್ಲ, ಅದನ್ನೇ ಮಾಡು. ಮೆಟ್ಟಿಲ ಕೆಳಗೆ ಕಸಪೊರಕೆ ಬಿಟ್ರೆ ಇನ್ನೇನೂ ಇಲ್ಲ."

ಈಗ ಗಂಟೆ ಏಳು. ಮೇಸ್ತ್ರಿ ಸೋತು, ಮುಖ ಗಂಟಿಕ್ಕಿಕೊಂಡು ಡಿ ತೆರೆಯುತ್ತಾರೆ. ಒಳಗೆ 'ಹೊಸ ಫೋಲ್ಡರ್' ಎಂಬುದೊಂದು. ಅದರೊಳಗೆ 'ಹೊಸ ಫೋಲ್ಡರ್ ಎರಡು'. ಅದರೊಳಗೆ 'ಆಮೇಲೆ ನೋಡೋಣ'.

"ಇದು ಕಂಪನಿಯವರು ಇಟ್ಟ ಹೆಸರಾ?" ಎಂದು ಜಾಗದಕ್ಕ ಕೇಳುತ್ತಾರೆ.

ಮೇಸ್ತ್ರಿ ಅದನ್ನೂ ತೆರೆಯುತ್ತಾರೆ. ಸಾಲಾಗಿ ಪುಟ್ಟ ಪುಟ್ಟ ಪಾದಗಳು. ಬಲ, ಎಡ, ಬಲ, ಎಡ. ಒಂದನ್ನು ದೊಡ್ಡದು ಮಾಡಿದ ಕೂಡಲೇ ಅವರ ಕೈ ನಿಲ್ಲುತ್ತದೆ. ಬೆಕ್ಕಿನ ಮರಿಯ ಹಾಗೆ ಒಳಕ್ಕೆ ಮುದುಡಿಕೊಂಡ ಪಾದ. ಹತ್ತು ಗಂಟೆಗೆ ಬರಬೇಕಾದ ಹುಡುಗಿಯದೇ, ಮೂರನೆಯ ವಯಸ್ಸಿನದು. ಪಕ್ಕದಲ್ಲಿ ನಾಲ್ಕನೆಯ, ಐದನೆಯ ವಯಸ್ಸಿನವು. ಹಿಂದೊಮ್ಮೆ ಸಿ ತುಂಬಿದಾಗ ಯಾರದೋ ಮಾತು ಕೇಳಿ ತಾವೇ ಇಲ್ಲಿಗೆ ಸಾಗಿಸಿದ್ದರು. ಸಾಗಿಸಿದ ಮೇಲೆ ಮರೆತರು. ಆ ಹಳೆಯ ಪಾದಗಳನ್ನು ಇಂದಿನ ಪಾದದ ಪಕ್ಕ ಇಟ್ಟು ನೋಡಿದರೆ ಮಾತ್ರ ಯಾವ ಮಗ್ಗುಲು ಎಷ್ಟು ನೆಟ್ಟಗಾಗಿದೆ, ಈ ಸಲ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತಿಳಿಯುವುದು.

"ಮೂರು ವರ್ಷದ ಪಾದ ಈಗ ಎಲ್ಲಿಂದ ತರ್ಲಿ?" ಎಂದು ಮೇಸ್ತ್ರಿ ಗೊಣಗುತ್ತಾರೆ. ಏರುದನಿ ಇಳಿದಿದೆ. ಹಣೆಯಲ್ಲಿ ಬೆವರು.

"ಎಲ್ಲಿಂದಲೂ ತರಬೇಡಿ. ಇಲ್ಲೇ ಇದೆಯಲ್ಲ. ನೀರು ಕುಡೀರಿ."

ಆಮೇಲಿನದು ನಿಧಾನದ ಕೆಲಸ. ಪಾದಗಳೆಲ್ಲ ಹೊರಗಿನ ಎರಡು ಡಿಸ್ಕುಗಳಿಗೆ ನಕಲಾಗಬೇಕು. ಒಂದು ಯಾಕೆ ಸಾಲದು ಎಂದು ಮೇಸ್ತ್ರಿ ಕೇಳುವುದಿಲ್ಲ. ಬರೀ ಡಿ ಅಲ್ಲ, ಸಿ ಒಳಗಿನವೂ ಹೋಗಬೇಕು. ಗೋಡೆ ಸರಿಸುವಾಗ ಕರೆಂಟು ಹೋದರೆ ಎರಡು ಕೋಣೆಯೂ ಒಟ್ಟಿಗೆ ಕುಸಿಯಬಹುದು. ಹಸಿರು ಗೆರೆ ಬಸವನ ಹುಳುವಿನಂತೆ ತೆವಳುತ್ತದೆ. ಅತ್ತೆ ತಮ್ಮ ಮಂಡಿನೋವಿನ ಪೂರ್ತಿ ಚರಿತ್ರೆಯನ್ನು ಮೇಸ್ತ್ರಿಗೆ ಒಪ್ಪಿಸಿ, "ನನಗೊಂದು ಜೊತೆ ಬೂಟು ಹೊಲೀತೀರಾ?" ಎನ್ನುತ್ತಾರೆ. ಮೇಸ್ತ್ರಿ ಬಗ್ಗಿ ಅವರ ಹಿಮ್ಮಡಿ ನೋಡಿ, "ಎಡಗಾಲು ಒಂದು ಬೆರಳಷ್ಟು ಗಿಡ್ಡ ಇದೆ ಅಜ್ಜಿ, ಅದಕ್ಕೇ ಮಂಡಿ ನೋವು," ಎನ್ನುತ್ತಾರೆ. ಎಪ್ಪತ್ತೆಂಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅತ್ತೆ ಎರಡೂ ಕಾಲು ಜೋಡಿಸಿ ತಾವೇ ಅಳೆದು ನೋಡಿಕೊಳ್ಳುತ್ತಾರೆ.

ಎಂಟೂಮುಕ್ಕಾಲಿಗೆ ನಕಲು ಮುಗಿಯುತ್ತದೆ. ಯಾವುದಾದರೂ ಆರು ಪಾದ ತೆರೆದು ನೋಡಿ ಎನ್ನುತ್ತಾರೆ ಜಾಗದಕ್ಕ. ಆರೂ ತೆರೆಯುತ್ತವೆ.

"ಈಗ ಒತ್ತಿ."

ಮೇಸ್ತ್ರಿ ಬೆರಳನ್ನು ಗುಂಡಿಯ ಮೇಲಿಟ್ಟು ಹಿಂದಕ್ಕೆ ತೆಗೆಯುತ್ತಾರೆ. ಎರಡೂವರೆ ತಾಸಿನ ಹಿಂದೆ ಇದೇ ಗುಂಡಿಗಾಗಿ ಊರು ಒಂದು ಮಾಡಿದ ಮನುಷ್ಯ. "ನೀವೇ ಒತ್ತಿಬಿಡಿ ಅಕ್ಕ," ಎನ್ನುತ್ತಾರೆ ಮೆಲ್ಲಗೆ.

"ಒತ್ತಲ್ಲ."

ಮೇಸ್ತ್ರಿಯೇ ಒತ್ತುತ್ತಾರೆ. ಡಿ ಮಾಯವಾಗುತ್ತದೆ. ಜಾಗದಕ್ಕ ಆ ಖಾಲಿ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಿಗೆ ಸೇರಿಸಿ, ಮಿಕ್ಕಿದ್ದರಲ್ಲಿ ಹೊಸ ಡಿ ಎಬ್ಬಿಸಿ, ಪಾದಗಳನ್ನೆಲ್ಲ ಸಿ ಒಳಗೆ ಅವುಗಳ ಜಾಗದಲ್ಲಿ ಕೂರಿಸುತ್ತಾರೆ. ಕೆಂಪು ಪಟ್ಟಿ ನೀಲಿಯಾಗುತ್ತದೆ. ಬೂಟಿನ ಪ್ರೋಗ್ರಾಂ ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ. ಹೊರಗಿನ ಡಿಸ್ಕುಗಳಲ್ಲಿ ಒಂದನ್ನು ಮೇಸ್ತ್ರಿಯ ಚೀಲಕ್ಕೆ ತುರುಕಿ, "ಇದನ್ನ ಲ್ಯಾಪ್‌ಟಾಪ್ ಇರೋ ಕೋಣೇಲಿ ಇಡಬೇಡಿ. ಫೋಲ್ಡರಿಗೆ ಹೆಸರು ಇಡೋದಾದ್ರೆ ಮಗುವಿನ ಹೆಸರೇ ಇಡಿ," ಎನ್ನುತ್ತಾರೆ.

ಒಂಬತ್ತೂಮುಕ್ಕಾಲು. ಥ್ಯಾಂಕ್ಸ್ ಎಂಬ ಮಾತೂ ಇಲ್ಲದೆ, ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು, ಷಟರಿನ ಕೆಳಗೆ ಬಗ್ಗಿ ಮೇಸ್ತ್ರಿ ಹೊರಗೆ ಓಡುತ್ತಾರೆ. ತಿರುಗಿಯೂ ನೋಡುವುದಿಲ್ಲ.

ಇದಾಗಿ ಏಳು ತಿಂಗಳು. ಬೂಟಿನ ಮೇಸ್ತ್ರಿ ಇತ್ತ ಸುಳಿದಿಲ್ಲ. ಅತ್ತೆ ಮಾತ್ರ ತಾವೇ ಅವರಂಗಡಿ ಹುಡುಕಿಕೊಂಡು ಹೋಗಬೇಕೆಂದು ದಿನಾ ಹೊರಡುತ್ತಾರೆ, ಮಂಡಿ ಬಿಡುವುದಿಲ್ಲ. ಆ ಹುಡುಗಿಗೆ ಬೂಟು ಸರಿಯಾಯಿತೇ, ಹೇಗೆ ನಡೆಯುತ್ತಾಳೆ, ಯಾರಿಗೂ ಗೊತ್ತಿಲ್ಲ.

"ಒಂದ್ಸಲ ನೋಡ್ಬೇಕು ಅಂತ ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ ಜಾಗದಕ್ಕ, ಬೇರೆ ಯಾರದೋ ಕೀಲಿಮಣೆಯ ಸಂದಿಯ ಧೂಳನ್ನು ಬ್ರಷ್ಷಿನಿಂದ ಕೆದಕುತ್ತಾ. "ಆ ಮಗು ಈ ಬೀದಿಲಿ ಹೀಗೆ ನಡ್ಕೊಂಡು ಹೋಗೋದು ನೋಡ್ಬೇಕು. ಆದ್ರೆ ಅವರು ಇಲ್ಲಿಗೆ ಬರ್ಬೇಕು ಅಂದ್ರೆ ಮತ್ತೆ ಜಾಗ ತುಂಬಬೇಕಲ್ವಾ?"

ಬ್ರಷ್ಷನ್ನು ಮೇಜಿನ ಅಂಚಿಗೆ ತಟ್ಟಿ ಧೂಳು ಕೊಡವುತ್ತಾರೆ.

"ಬೇಡ ಬಿಡಿ. ಬರದೇ ಇರ್ಲಿ."