ಈರುಳ್ಳಿ ಮಂಡಿ ಯಜಮಾನರ ಕಾಲು

ನರ್ಸ್ ಆದವಳು ಜನರನ್ನು ಇಷ್ಟು ಕೀಳಾಗಿ ಕಾಣಬಾರದು. ನಾನು ಕಂಡೆ. ತರೀಕೆರೆಯ ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ಕೊರೊನಾ ಬಂದು ಹೋದ ಮೇಲೆ ನನ್ನ ಮೂಗಿಗೆ ವಾಸನೆ ತಿಳಿಯುವುದು ನಿಂತಿತು, ಮತ್ತೆ ಬರಲೇ ಇಲ್ಲ. ಮನೆಯಲ್ಲಿ ಒಗ್ಗರಣೆ ಸೀದರೂ ಹೊಗೆ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದು. ಕೆಲಸದ ಜಾಗದಲ್ಲಿ ಯಾರಿಗೂ ಹೇಳಲಿಲ್ಲ. ಮೊದಮೊದಲು ಕೆಲಸ ಹೋದೀತೆಂಬ ಭಯ; ಆಮೇಲೆ ಹೇಳದಿರುವುದರಲ್ಲೇ ಒಂದು ಸುಖ ಸಿಕ್ಕಿತು.

ಉಳಿದವರ ನಾಟಕ ನೋಡಬೇಕಿತ್ತು. ಜೊತೆಯ ಸಿಸ್ಟರ್‌ಗಳು ಮಾಸ್ಕ್ ಒಳಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಡಾಕ್ಟರು ಬಾಗಿಲಲ್ಲೇ ನಿಂತು, ‘ಸಿಸ್ಟರ್, ನೀವೇ ನೋಡ್ಬಿಡಿ’ ಎನ್ನುತ್ತಿದ್ದರು. ಸೇಬು ಹಿಡಿದು ಬಂದ ನೆಂಟರು ಹೊಸ್ತಿಲಲ್ಲೇ ಕ್ಷೇಮ ವಿಚಾರಿಸಿ ಕಾಫಿಗೆಂದು ಜಾರಿಕೊಳ್ಳುತ್ತಿದ್ದರು. ನಾನೊಬ್ಬಳು ಕೀವು ತುಂಬಿದ ಕಾಲಿನ ಮೇಲೆ ಬಗ್ಗಿ, ರೋಗಿಯ ಮನೆ ಸುದ್ದಿ ಕೇಳುತ್ತಾ ಕೂರುತ್ತಿದ್ದೆ. ಒಂದು ವರ್ಷ ನರ್ಸ್‌ಗಳ ದಿನ ನನಗೆ ಶಾಲು ಹೊದಿಸಿ ಕರುಣಾಮಯಿ ಎಂದರು. ತಲೆ ತಗ್ಗಿಸಿ ಹೊದ್ದುಕೊಂಡೆ. ಇವರಷ್ಟು ಪೊಳ್ಳು ಜನ ಇನ್ನೆಲ್ಲೂ ಇಲ್ಲ ಅಂತ ಮನಸ್ಸಿನಲ್ಲೇ ನಕ್ಕೆ.

ಅಜ್ಜಂಪುರದ ಒಬ್ಬ ಯಜಮಾನರ ಮನೆಗೂ ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಜೀವಮಾನವಿಡೀ ಈರುಳ್ಳಿ ಮಂಡಿ ನಡೆಸಿದವರು. ಸಕ್ಕರೆ ಕಾಯಿಲೆಯಿಂದ ಎಡಪಾದದಲ್ಲಿ ಹುಣ್ಣಾಗಿತ್ತು. ಚೀಲಕ್ಕೆ ಮೂಗೊಡ್ಡಿ, ಒಳಗೆ ಕೊಳೆತದ್ದಿದೆಯೋ ಇಲ್ಲವೋ ಎಂದು ಬಿಚ್ಚದೆಯೇ ಹೇಳುತ್ತಿದ್ದ ಮನುಷ್ಯ ಈಗ ಪ್ರತಿ ಸಲ ನನ್ನನ್ನು ಕೇಳುತ್ತಿದ್ದರು.

‘ನನ್ ವಾಸ್ನೆ ನನಗೆ ಅಭ್ಯಾಸ ಆಗೋಗೈತೆ ಕಣಮ್ಮ. ನೀನ್ ಹೇಳು, ನಾರ್ತೈತಾ?’

‘ಏನೂ ಇಲ್ಲ ಯಜಮಾನ್ರೇ.’

ಅವರ ಮುಖ ಅರಳುತ್ತಿತ್ತು. ಕಣ್ಣಿಗೆ ಹುಣ್ಣು ಕೆಂಪಗೆ, ಮಾಯುತ್ತಿರುವಂತೆಯೇ ಕಾಣುತ್ತಿತ್ತು. ಹಾಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಲೂ ಇರಲಿಲ್ಲ.

ಆ ಮನೆಯ ಸೊಸೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೋಣೆಗೆ ಕಾಲಿಡುವ ಮುಂಚೆಯೇ ಆಕೆಯ ಸೆರಗು ಮೂಗಿಗೆ ಹೋಗುತ್ತಿತ್ತು. ಕಿಟಕಿಯಲ್ಲಿ ಊದುಬತ್ತಿ, ಮಂಚದ ಕಾಲ ಬಳಿ ಊದುಬತ್ತಿ, ನೀರಿನ ತಂಬಿಗೆ ಇಟ್ಟ ಸ್ಟೂಲಿನ ಮೇಲೂ ಊದುಬತ್ತಿ. ಬದುಕಿರುವವರ ಸುತ್ತ ಹೀಗೆ ಹಚ್ಚುತ್ತಾರೆಯೇ ಎಂದು ಒಳಗೇ ಉರಿದುಕೊಳ್ಳುತ್ತಿದ್ದೆ. ಒಂದು ದಿನ ಆಕೆ ಗೇಟಿನವರೆಗೂ ನನ್ನ ಹಿಂದೆ ಬಂದಳು.

‘ಸಿಸ್ಟರ್, ಎರಡು ದಿನದಿಂದ ವಾಸ್ನೆ ಬ್ಯಾರೆ ಥರ ಐತೆ ಕಣ್ರೀ. ಮೊದ್ಲಿನಂಗಿಲ್ಲ. ಡಾಕ್ಟ್ರಿಗೆ ಒಂದ್ ಮಾತು ಹೇಳ್ರೀ.’

‘ಮೂಗು ಮುಚ್ಕೊಂಡು ನಿಂತೋರಿಗೇ ವಾಸನೆ ಜಾಸ್ತಿ ಬರೋದು,’ ಎಂದೆ.

ಆಕೆಯ ಮುಖ ಸಣ್ಣದಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನು ಮತ್ತೆ ಮತ್ತೆ ನೆನೆದು ಖುಷಿಪಟ್ಟೆ.

ಆಕೆ ಮಾವನಿಗೂ ಹೇಳಿ ನೋಡಿದಳಂತೆ. ‘ಸಿಸ್ಟ್ರೇ ಇಲ್ಲ ಅಂದ್ಮೇಲೆ ನಿಂದೇನು’ ಎಂದು ಅವರು ಬಾಯಿ ಮುಚ್ಚಿಸಿದರಂತೆ. ಅದಾದ ನಾಲ್ಕನೆಯ ದಿನ ಯಜಮಾನರಿಗೆ ಚಳಿಜ್ವರ ಬಂತು, ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಬೆರಳ ಸಂದಿನಿಂದ ಒಳಗೊಳಗೇ ಮೂಳೆಯವರೆಗೆ ಕೊಳೆತಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮನೆಗೆ ಬಂದ ಮೇಲೆ ಡ್ರೆಸ್ಸಿಂಗಿಗೆ ಆ ಸಿಸ್ಟರೇ ಬರಲಿ ಎಂದು ಹಟ ಹಿಡಿದರಂತೆ. ಹೋದೆ.

‘ನೀನ್ ನೋಡ್ಕೊಂಡಿದ್ದಕ್ಕೆ ಇಷ್ಟಾದ್ರೂ ಉಳೀತು ತಾಯಿ,’ ಎಂದರು ಯಜಮಾನರು. ‘ಇವ್ಳು ಬರೀ ಊದ್ಬತ್ತಿ ಹಚ್ಕೊಂಡು ಕೂತ್ಲು. ಇವ್ಳು ಅಪಶಕುನ ನುಡಿದಿದ್ದಕ್ಕೇ ಹಿಂಗಾಗಿದ್ದು.’

ಸೊಸೆ ಬಾಗಿಲಲ್ಲಿ ನಿಂತಿದ್ದಳು, ಸೆರಗು ಮೂಗಿನ ಮೇಲೇ ಇತ್ತು. ನನ್ನ ಕಡೆ ನೋಡಿದಳು. ನಾನು ಇಷ್ಟು ದಿನ ಆಡಿಕೊಂಡವರೆಲ್ಲ ಆ ನಾತ ಸಹಿಸಿಕೊಂಡು ಬಾಗಿಲವರೆಗಾದರೂ ಬಂದಿದ್ದರು. ನಾನು ಏನನ್ನೂ ಸಹಿಸದೆ ಮಂಚದ ಪಕ್ಕ ಕೂತು ಶಾಲು ಹೊದ್ದುಕೊಂಡಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

‘ಯಜಮಾನ್ರೇ, ನನಗೆ ವಾಸನೆ ಗೊತ್ತಾಗಲ್ಲ. ಕೊರೊನಾ ಬಂದಾಗಿನಿಂದ ಇಲ್ಲ. ನಿಮಗೆ ಹೇಳಿದ್ದೆಲ್ಲ ಸುಳ್ಳು. ಇವರು ಸರಿಯಾಗೇ ಹೇಳಿದ್ರು, ನಾನೇ ಆಡ್ಕೊಂಡು ಕಳಿಸ್ದೆ.’

ಅವರು ಬೈಯಲಿಲ್ಲ. ಉಳಿದ ಅರ್ಧ ಕಾಲನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗದೆ, ‘ಬಾರಮ್ಮ ಇಲ್ಲಿ’ ಎಂದು ಸೊಸೆಯನ್ನು ಕರೆದರು.

ಆಕೆ ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ನಾನು ಬ್ಯಾಂಡೇಜ್ ಬಿಚ್ಚಿದೆ. ಆಕೆ ಕೆಳಗೆ ಕೂತು, ಗಾಯಕ್ಕೆ ಮುಖ ಬಗ್ಗಿಸಿ ಉಸಿರೆಳೆದುಕೊಂಡಳು.

‘ನಾರ್ತೈತಾ?’

‘ಇಲ್ಲ ಮಾವ.’

ಇದೇ ಮಾತಿಗೆ ನನ್ನೆದುರು ಅದೆಷ್ಟು ಸಲ ಅವರ ಮುಖ ಅರಳಿತ್ತು. ಈ ಸಲ ಅರಳಲಿಲ್ಲ.

‘ಸರಿಯಾಗಿ ನೋಡಮ್ಮ,’ ಎಂದರು.

ಆಕೆ ಇನ್ನೊಮ್ಮೆ ಬಗ್ಗಿದಳು.