ಖಾಲಿ ಬಿಟ್ಟ ಸಾಲು

ಬ್ರಿಸ್ಬೇನ್‌ನಿಂದ ನೆಂಟರಂಥವರು ಬರುವವರಿದ್ದರು. ಅಕ್ಕಿ, ಬೇಳೆ ತರೋಣವೆಂದು ಇಂಡಿಯನ್ ಸ್ಟೋರಿಗೆ ಹೋಗಿದ್ದೆ. ಮಸಾಲೆಯ ಶೆಲ್ಫಿನಲ್ಲಿ ಯಾವುದೋ ಪ್ಯಾಕೆಟ್ ಒಡೆದು ಕೆಂಪು ಪುಡಿ ಚೆಲ್ಲಿತ್ತು. ವಾಸನೆ ಮೂಗಿಗೆ ಬಡಿದ ಕೂಡಲೇ ಗೊತ್ತಾಯಿತು, ಬಾಫಾತ್ ಪುಡಿ. ಮಂಗಳೂರಿನ ಕ್ರಿಶ್ಚಿಯನ್ನರು ಹಂದಿ ಮಾಂಸಕ್ಕೆ ಹಾಕುವ ಮಸಾಲೆ. ನಾನೋ ಮೈಸೂರಿನ ಸಸ್ಯಾಹಾರಿ ಹೆಂಗಸು. ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರೆ, ಅಂಗಡಿಯ ಹುಡುಗಿ ಖಾರ ಕಣ್ಣಿಗೆ ಬಿತ್ತೆಂದುಕೊಂಡು ಟಿಶ್ಯೂ ಕೊಟ್ಟಳು.

ಆ ವಾಸನೆ ನನ್ನ ಅಡುಗೆಮನೆಗೆ ಭಾನುವಾರಗಳಂದು ಪಕ್ಕದ ಮನೆಯಿಂದ ಬರುತ್ತಿತ್ತು. ಪರ್ತ್‌ನ ಸದರ್ನ್ ರಿವರ್ ಬಡಾವಣೆಗೆ ನಾವು ಬಂದ ಹೊಸದರಲ್ಲಿ ಮೂಗು ಮುರಿದು ಕಿಟಕಿ ಮುಚ್ಚುತ್ತಿದ್ದೆ. ಗಂಡ ಗಣಿ ಕೆಲಸಕ್ಕೆಂದು ಉತ್ತರಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಒಂದು ಭಾನುವಾರ ಫೆನ್ಸಿನ ಮೇಲಿನಿಂದ ಪಕ್ಕದ ಮನೆಯ ಅಂಕಲ್ ತಲೆ ಕಾಣಿಸಿತು. "ಒಬ್ಬರೇ ಕೂತು ಎಂತ ಮಾಡ್ತೀರಿ ಮಾರಾಯ್ರೆ? ಬನ್ನಿ. ನಿಮಗೆ ಮೂಲಂಗಿದು ಬೇರೆ ಪಾತ್ರೆಲಿ ಮಾಡಿ ಉಂಟು." ಮೂಲಂಗಿಯ ಬಾಫಾತ್ ತಿಂದ ಮೇಲೆ ಕಿಟಕಿ ಮುಚ್ಚುವುದನ್ನು ಬಿಟ್ಟೆ.

ಊಟವಾದ ಮೇಲೆ ಅಂಕಲ್ ಗಿಟಾರ್ ತೆಗೆಯುತ್ತಿದ್ದರು. ಬಹರೈನ್‌ನಲ್ಲಿ ವೆಲ್ಡರ್ ಆಗಿದ್ದಾಗ ಕ್ಯಾಸೆಟ್ ಕೇಳಿ ಕೇಳಿ ಕಲಿತ ಹಳೆಯ ಕಂಟ್ರಿ ಹಾಡುಗಳು. ಅಮೆರಿಕದ ಹಳ್ಳಿಗರ ಹಾಡಿಗೂ ಮಂಗಳೂರಿನವರಿಗೂ ಎತ್ತಣಿಂದೆತ್ತ ಸಂಬಂಧವೋ! ನಮ್ಮ ಮನೆಗಳಲ್ಲಿ ಭಾವಗೀತೆ ಇದ್ದ ಹಾಗೆ ಅವರ ಮನೆಗಳಲ್ಲಿ ಅದು. ಮದುವೆಗೂ ಅದೇ, ನಾಮಕರಣಕ್ಕೂ ಅದೇ, ಮಣ್ಣು ಮಾಡಿ ಬಂದ ಮೇಲೂ ಅದೇ.

ಈಗಿನ ಕಂಟ್ರಿಯನ್ನು ಕಂಡರೆ ಮಾತ್ರ ಅಂಕಲ್‌ಗೆ ಆಗುತ್ತಿರಲಿಲ್ಲ. ಪೆಟ್ರೋಲ್ ಹಾಕಿಸಲು ಸರ್ವೋಗೆ ಹೋದಾಗ ಸ್ಪೀಕರಿನಲ್ಲಿ ಅದು ಬಂದರೆ ಕಾರಿನ ಗಾಜು ಏರಿಸಿಬಿಡುತ್ತಿದ್ದರು. "ಟ್ರಕ್ ಉಂಟು, ಬಿಯರ್ ಉಂಟು, ಹರಿದ ಜೀನ್ಸ್ ಉಂಟು. ಮನುಷ್ಯ ಎಲ್ಲಿದ್ದಾನೆ?"

"ನಿಮ್ಮ ಹಾಡಲ್ಲೂ ಟ್ರಕ್ ಇದೆಯಲ್ಲ ಅಂಕಲ್" ಎಂದು ನಾನು ಕಾಲೆಳೆದಿದ್ದೆ.

"ಉಂಟು. ಆ ಟ್ರಕ್ ಮನೆಗೆ ಹೋಗ್ತದೆ. ಇವರದ್ದು ಬರೀ ಹೊಳೀತದೆ."

ಅವರು ಯಾವಾಗಲೂ ಕೊನೆಗೆ ಹಾಡುತ್ತಿದ್ದ ಹಾಡು ಅದು. ಟ್ರಕ್ ಓಡಿಸುವವನೊಬ್ಬ ದೂರದಿಂದ ಹೆಂಡತಿಗೆ ಫೋನ್ ಮಾಡುತ್ತಾನೆ. ಬರುವುದು ತಡವಾಗುತ್ತದೆ, ಊಟ ಮಾಡಿ ಮಲಗು ಎನ್ನುತ್ತಾನೆ. ನಾನು ಕಾಯುತ್ತೇನೆ ಎನ್ನುತ್ತಾಳೆ ಅವಳು. ಇಷ್ಟೇ ಹಾಡು. ಅವನ ಸಾಲು ಅಂಕಲ್‌ದು, ಅವಳ ಸಾಲು ಅವರ ಹೆಂಡತಿ ಆಂಟಿಯದು. ಆಂಟಿ ಎಂದೂ ಬಂದು ಪಕ್ಕದಲ್ಲಿ ನಿಂತು ಹಾಡಿದವರಲ್ಲ. ಪಾತ್ರೆ ತೊಳೆಯುತ್ತಾ ಸಿಂಕಿನ ಬಳಿಯಿಂದಲೇ ಆ ಒಂದು ಸಾಲು ಹೇಳುತ್ತಿದ್ದರು. ಮದುವೆಯಾದ ಮೇಲೆ ಬಹಳ ಕಾಲ ಅಂಕಲ್ ಬಹರೈನ್‌ನಲ್ಲಿ, ಆಂಟಿ ಊರಿನಲ್ಲಿ. ಅವರಿಬ್ಬರಿಗೆ ಅದು ಬರೀ ಹಾಡಾಗಿರಲಿಲ್ಲ.

ಆಂಟಿ ತೀರಿಹೋದ ಮೇಲೆ ಅಂಕಲ್ ಹಾಡುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆವು. ನಿಲ್ಲಿಸಲಿಲ್ಲ. ಆದರೆ ಅವಳ ಸಾಲು ಬಂದಾಗ ಬಾಯಿ ಮುಚ್ಚಿ, ಗಿಟಾರಿನ ಮೇಲೆ ಅಂಗೈ ಇಟ್ಟು, ಅಡುಗೆಮನೆಯ ಕಡೆ ನೋಡುತ್ತಾ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದರು. ಮೊದಲ ಸಲ ನಾನೂ ತಿರುಗಿ ಅಡುಗೆಮನೆಯ ಕಡೆ ನೋಡಿದೆ. ಆಮೇಲೆ ಅದೇ ವಾಡಿಕೆಯಾಯಿತು. ಅವರ ಮನೆಗೆ ಬರುವ ಯಾರೂ ಆ ಜಾಗದಲ್ಲಿ ಕೆಮ್ಮುತ್ತಿರಲಿಲ್ಲ, ಗ್ಲಾಸು ಕೆಳಗಿಡುತ್ತಿರಲಿಲ್ಲ... ಯಾರೂ ಅದನ್ನು ರೆಕಾರ್ಡ್ ಕೂಡ ಮಾಡಲಿಲ್ಲ. ಪ್ರತಿ ಭಾನುವಾರ ಹಾಡುವವರನ್ನು ಯಾರು ರೆಕಾರ್ಡ್ ಮಾಡಿಕೊಳ್ಳುತ್ತಾರೆ?

ಅವರ ಒಬ್ಬಳೇ ಮಗಳು ಬ್ರಿಸ್ಬೇನ್‌ನಲ್ಲಿ ಕೆಲಸದಲ್ಲಿದ್ದಳು. ಅಲ್ಲಿಯ ಹುಡುಗನನ್ನೇ ಮೆಚ್ಚಿ, ಮದುವೆಯನ್ನು ಮಾತ್ರ ಅಪ್ಪನಿರುವ ಪರ್ತ್‌ನಲ್ಲಿ ಇಟ್ಟುಕೊಂಡಳು. ಸ್ವಾನ್ ವ್ಯಾಲಿಯ ದ್ರಾಕ್ಷಿತೋಟದಲ್ಲಿ ಪಾರ್ಟಿ. ಅಡಿಲೇಡ್‌ನಿಂದ ಬ್ಯಾಂಡ್ ಕರೆಸಿದ್ದಳು, ಅದೂ ಕಂಟ್ರಿ ಬ್ಯಾಂಡ್. "ಅಪ್ಪಂಗೆ ಇಷ್ಟ ಅಂತಾನೇ ಬುಕ್ ಮಾಡಿದ್ದು, ಆಂಟಿ" ಎಂದಳು ನನ್ನ ಕೈ ಹಿಡಿದು. ಹೊಳೆಯುವ ಬೂಟು, ದೊಡ್ಡ ಟೋಪಿ, ಲ್ಯಾಪ್‌ಟಾಪಿನಿಂದ ಬರುವ ಡ್ರಮ್ಮು. ನಾನು ಅಂಕಲ್ ಮುಖ ನೋಡಿದೆ. ಮಗಳ ಸಂಭ್ರಮದ ಮುಂದೆ ಅವರು ಆ ದಿನ ಬೂಟಿನ ಬಗ್ಗೆಯೂ ಏನೂ ಅನ್ನಲಿಲ್ಲ.

ಮಗಳು ಬಲವಂತ ಮಾಡಿ ಅಪ್ಪನನ್ನು ವೇದಿಕೆ ಹತ್ತಿಸಿದಳು. ಬ್ಯಾಂಡಿನ ಹುಡುಗ ಹಾಡು ಯಾವುದೆಂದು ಕೇಳಿ, ತನಗೂ ಗೊತ್ತು ಎಂದು ಖುಷಿಪಟ್ಟ. ಆ ಸಾಲನ್ನು ಖಾಲಿ ಬಿಡಬೇಕು ಎಂದು ಅವನಿಗೆ ಯಾರೂ ಹೇಳಲಿಲ್ಲ. ನಮಗೆಲ್ಲ ಅದು ಎಷ್ಟು ಗೊತ್ತಿತ್ತೆಂದರೆ, ಹೇಳಬೇಕಾದ ಮಾತು ಎಂದೇ ಯಾರಿಗೂ ಹೊಳೆಯಲಿಲ್ಲ.

ಅಂಕಲ್ ತಮ್ಮ ಸಾಲು ಹಾಡಿದರು. ಅಂಗೈಯನ್ನು ಗಿಟಾರಿನ ಮೇಲೆ ಇಟ್ಟರು. ಡ್ರಮ್ಮು ನಿಲ್ಲಲಿಲ್ಲ. ಪಾಪ, ಮುದುಕರಿಗೆ ಪದ ಮರೆತುಹೋಯಿತು ಎಂದುಕೊಂಡ ಹುಡುಗ ಮುಂದೆ ಬಂದು, ಅವರ ಹೆಗಲ ಮೇಲೆ ಕೈಹಾಕಿ, ಆಂಟಿಯ ಸಾಲನ್ನು ಗಂಟಲೆತ್ತಿ ಹಾಡಿಬಿಟ್ಟ. ಚೆನ್ನಾಗಿಯೇ ಹಾಡಿದ. ದ್ರಾಕ್ಷಿತೋಟ ಪೂರ್ತಿ ಚಪ್ಪಾಳೆ. ಗಂಡಿನ ಕಡೆಯವರೊಬ್ಬರು ಸಿಳ್ಳೆ ಹಾಕಿದರು. ಅಂಕಲ್ ನಗುತ್ತಲೇ ಹಾಡು ಮುಗಿಸಿದರು. ನಾನು ಯಾರ ಮೇಲೆ ಎಂದು ಸಿಟ್ಟು ಮಾಡಿಕೊಳ್ಳಲಿ? ಟೇಬಲ್ಲಿಗೆ ಬಂದು ಕೂತ ಅಂಕಲ್, "ಒಳ್ಳೆ ಹುಡುಗ, ಪಾಪ. ಸಹಾಯಕ್ಕೆ ಬಂದದ್ದು" ಎಂದರು.

ಆಮೇಲಿನ ಭಾನುವಾರಗಳಲ್ಲಿ ಬಾಫಾತ್ ಇತ್ತು, ಗಿಟಾರ್ ಇರಲಿಲ್ಲ. ತಡೆಯಲಾಗದೆ ಒಮ್ಮೆ ಕೇಳಿಯೇಬಿಟ್ಟೆ.

"ನಾನು ಸುಮ್ಮನೆ ನಿಲ್ಲಿಸ್ತಿದ್ದದ್ದಲ್ಲ ಮಾರಾಯ್ರೆ" ಎಂದರು ಅಂಕಲ್. "ಅಲ್ಲಿ ಅವಳ ಸ್ವರ ಕೇಳ್ತಿತ್ತು ನನಗೆ. ಅವಳು ಹೇಳಿ ಮುಗಿಸಿದ ಮೇಲೆಯೇ ನಾನು ಮುಂದೆ ಹಾಡುದು. ಈಗ ಅಲ್ಲಿ ಆ ಹುಡುಗನ ಸ್ವರ ಕೇಳ್ತದೆ. ಎಷ್ಟು ಕಾದರೂ ಅವಳದ್ದು ಬರುದಿಲ್ಲ." ಮಗಳಿಗೆ ಹೇಳಬಾರದೆಂದು ಮಾತು ತೆಗೆದುಕೊಂಡರು.

ಮರುವರ್ಷ ಮನೆ ಮಾರಿ ಮಗಳ ಹತ್ತಿರ ಬ್ರಿಸ್ಬೇನ್‌ಗೆ ಹೋದರು. ಅಲ್ಲೂ ಹಾಡಲಿಲ್ಲವಂತೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹಾಡು ಉಳಿದಿರುವುದು ಮದುವೆಯ ವಿಡಿಯೋದಲ್ಲಿ ಮಾತ್ರ, ಆ ಹುಡುಗನ ಸ್ವರದ ಸಮೇತ.

ಈ ವಾರ ಅಂಕಲ್ ಮಗಳು ತನ್ನ ಪುಟ್ಟ ಮಗಳೊಂದಿಗೆ ನಮ್ಮ ಮನೆಯಲ್ಲಿದ್ದಾಳೆ. ನಿನ್ನೆ ಮಧ್ಯಾಹ್ನ ಮಗು ಆ ಹಾಡು ಹೇಳಿತು, ವಿಡಿಯೋ ನೋಡಿ ಕಲಿತದ್ದು. ಎಲ್ಲೂ ತಡೆಯದೆ, ಎರಡೂ ಸಾಲುಗಳನ್ನು ಒಂದೇ ಉಸಿರಿನಲ್ಲಿ.

"ಹಾಗಲ್ಲ ಪುಟ್ಟಾ, ತಾತ ಅಲ್ಲಿ ನಿಲ್ಲಿಸ್ತಿದ್ರು" ಎಂದಳು ತಾಯಿ. ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಅಮ್ಮ ಹೋದ್ಮೇಲೆ ನಾನು ಇಲ್ಲಿ ಇದ್ದಿದ್ದೇ ಕಮ್ಮಿ, ಆಂಟಿ. ನೀವು ವಾರಾ ವಾರಾ ಕೇಳಿದ್ದೀರಲ್ಲ. ಎಷ್ಟು ಹೊತ್ತು ನಿಲ್ಲಿಸ್ತಿದ್ರು? ಇವಳಿಗೆ ಅದನ್ನೂ ಕಲಿಸ್ಬೇಕು."

ಗೊತ್ತು ಎಂದೇ ಅಂದುಕೊಂಡೆ. ಕಣ್ಣು ಮುಚ್ಚಿದೆ. ಅಂಗೈ ಕಂಡಿತು, ಅಡುಗೆಮನೆಯ ಕಡೆ ತಿರುಗಿದ ಮುಖ ಕಂಡಿತು... ಹೊತ್ತು ಮಾತ್ರ ಸಿಗಲಿಲ್ಲ. ಮಗು ಮತ್ತೆ ಹಾಡಿತು. ತಾತನ ಸಾಲು ಮುಗಿಸಿ, ಹೇಳಿದಂತೆ ಬಾಯಿ ಮುಚ್ಚಿ, ನನ್ನ ಮುಖವನ್ನೇ ನೋಡುತ್ತಾ ಕಾಯಿತು.

"ನೌ?" ಎಂದು ಕೇಳಿತು.

ನಾನು ಅದರ ತಾಯಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು.